ತಾತ್ಕಾಲಿಕ ನ್ಯಾಯಮೂರ್ತಿಗೆ ಸಿಕ್ಕ ಹಳೆಯ ತೀರ್ಪು

ನಿವೃತ್ತರಾಗಿ ನಾಲ್ಕು ವರ್ಷ ಸಿಂಧನೂರಿನ ಮನೆಯಲ್ಲಿ ಪೇಪರು ಓದುತ್ತ ಕುಳಿತಿದ್ದ ಚನ್ನವೀರ ಅವರಿಗೆ ಹೈಕೋರ್ಟಿನಿಂದ ಮತ್ತೆ ಕರೆ ಬಂತು. ಅಲ್ಲಿ ಹಳೆಯ ಮೇಲ್ಮನವಿಗಳು ರಾಶಿ ಬಿದ್ದಿದ್ದವು. ಅವನ್ನು ಕರಗಿಸಲು ಒಂದು ವರ್ಷದ ಮಟ್ಟಿಗೆ ಅವರು ತಾತ್ಕಾಲಿಕ ನ್ಯಾಯಮೂರ್ತಿ. ಹೊಸ ಗೌನು ಹೊಲಿಸುವ ಮಾತೆತ್ತಿದಾಗ ಹೆಂಡತಿ ಶಿವಕುಮಾರಿ ತಡೆದರು.

“ಒಂದ್ ವರ್ಷಕ್ಕ ಹೊಸಾದು ಯಾಕ್ರಿ? ಹಳೇದು ಟ್ರಂಕಿನ್ಯಾಗ ಐತಿ. ಬಿಸಲಿಗಿ ಹಾಕಿ ಕೊಡ್ತೀನಿ.”

ಮೊದಲ ತಿಂಗಳು ಕಾರು, ಕೊಠಡಿ, ಬಾಗಿಲ ಫಲಕದಲ್ಲೇ ಕಳೆಯಿತು. ಫಲಕದ ಮೇಲೆ ‘ತಾತ್ಕಾಲಿಕ’ ಎಂದು ಬರೆಯಬೇಕೋ ಬೇಡವೋ ಎಂಬ ಬಗ್ಗೆ ಮೂರು ಪತ್ರಗಳು ಹೋಗಿಬಂದವು. ಆಮೇಲೆ ಕಡತಗಳು ಬಂದವು. ಐದನೆಯದು ಸಂತೆಕಲ್ಲೂರಿನ ಪಕೀರಮ್ಮನದು.

ಪಕೀರಮ್ಮನ ಹೊಲಕ್ಕೆ ಹೋಗುವ ಬಂಡಿ ದಾರಿ ಮಾಳಿಂಗರಾಯನ ಹೊಲದ ಪಡುವಣ ಬದುವಿಗೆ ಹತ್ತಿಕೊಂಡಿತ್ತು. ಅವನು ಮುಳ್ಳುಬೇಲಿ ಹಾಕಿ ಅದನ್ನು ಮುಚ್ಚಿದ. ಅಂಥ ದಾರಿಯೇ ಇಲ್ಲ ಎಂದು ಲಿಂಗಸುಗೂರಿನ ಕೋರ್ಟು ತೀರ್ಪು ಕೊಟ್ಟಿತು. ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಂದಿನಿಂದ ಆಕೆ ಜೋಳದ ಸಿವುಡುಗಳನ್ನು ತಲೆಯ ಮೇಲೆ ಹೊತ್ತು, ಊರೆಲ್ಲ ಸುತ್ತಿ ಕಣಕ್ಕೆ ತರುತ್ತಿದ್ದಳು. ಆಗ ನಲವತ್ತರ ಹೆಂಗಸು, ಈಗ ಎಪ್ಪತ್ತು ದಾಟಿದೆ.

ಹೆಸರುಗಳಿದ್ದ ಮೊದಲ ಹಾಳೆಗಳನ್ನು ಗೆದ್ದಲು ತಿಂದಿತ್ತು. ವಿಚಾರಣೆಯ ದಿನ ಚನ್ನವೀರ ನೇರವಾಗಿ ನಕ್ಷೆ ಬಿಡಿಸಿದರು, ಅತ್ತಿತ್ತ ತಿರುಗಿಸಿದರು, ತೀರ್ಪಿನ ಒಂದು ಸಾಲಿಗೆ ತಾಳೆ ಹಾಕಿದರು, ನಕ್ಕುಬಿಟ್ಟರು.

“ವಕೀಲರೇ, ಆ ನ್ಯಾಯಾಧೀಶರು ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ಓದಿದ್ದಾರೆ! ಪಡುವಣದ ದಾರಿಯನ್ನು ಮೂಡಣದಲ್ಲಿ ಹುಡುಕಿ, ಇಲ್ಲ ಎಂದಿದ್ದಾರೆ. ಒಮ್ಮೆ ಹೊಲಕ್ಕೆ ಹೋಗಿ ನೋಡುವಷ್ಟೂ ವ್ಯವಧಾನ ಇರಲಿಲ್ಲವೇ? ಯಾರಿವರು?”

ಪಕೀರಮ್ಮನ ವಕೀಲ ಹುಸೇನಪ್ಪ ಕೆಮ್ಮಿದ. ಕೊರಳ ಬಿಳಿ ಪಟ್ಟಿ ಸರಿಮಾಡಿಕೊಂಡ.

ಹಿಂದಿನ ಬೆಂಚಿನಿಂದ ಪಕೀರಮ್ಮ ಎದ್ದು ನಿಂತಳು. “ಅವ್ರು ನೀವೇ ಅಲ್ಲೇನ್ರಿ ಸಾಹೇಬ್ರ? ಆವಾಗ ನಿಮಗ ಮೀಸಿ ಇದ್ವು.”

ಚನ್ನವೀರ ಕೊನೆಯ ಹಾಳೆಗೆ ಹೋದರು. ಅಲ್ಲಿ ತಮ್ಮದೇ ರುಜು, ಉದ್ದ ಬಾಲದ ಸಮೇತ. ಮೇ ತಿಂಗಳ ಲಿಂಗಸುಗೂರಿನ ಬಿಸಿಲು, ಸ್ಥಳ ಪರಿಶೀಲನೆ ಬೇಡವೆಂದು ತಾವೇ ಬರೆದ ಸಾಲು, ಎರಡೂ ನೆನಪಾದವು. ಕೊನೆಗೆ, “ನನ್ನ ತೀರ್ಪಿನ ಮೇಲ್ಮನವಿಯನ್ನು ನಾನೇ ಕೇಳುವಂತಿಲ್ಲ. ಬೇರೆ ಪೀಠಕ್ಕೆ ಹೋಗಲಿ,” ಎಂದರು.

“ತಪ್ಪ್ ಮಾಡ್ದವ್ರು ನೀವು, ತಪ್ಪೈತಿ ಅಂದವ್ರೂ ನೀವು. ತಿದ್ದಾಕ ಮಾತ್ರ ಬ್ಯಾರೆಯವ್ರು ಬೇಕೇನ್ರಿ?”

“ಕಾನೂನು ಹಂಗ ಐತಿ, ತಾಯಿ.” ಕುರ್ಚಿಯಲ್ಲಿ ಕೂತು ಅವರು ಊರಿನ ಮಾತಾಡಿದ್ದು ಅದೇ ಮೊದಲು. ಆಮೇಲೆ ಮಾಳಿಂಗರಾಯನ ಕಡೆ ತಿರುಗಿದರು. “ನಿಮಗಾದ್ರೂ ಗೊತ್ತಿರಲಿಲ್ಲೇನು?”

“ಗೊತ್ತಿತ್ರಿ,” ಎಂದ ಮುದುಕ ವಿನಯದಿಂದ. “ಖುದ್ದು ಕೋರ್ಟೇ ದಾರಿ ಇಲ್ಲಂತ ಹೇಳಿದ ಮ್ಯಾಲ, ಐತಿ ಅನ್ನಾಕ ನಾ ಯಾರ್ರೀ?”

ಚನ್ನವೀರ ಆದೇಶ ಬರೆಸಿದರು: ‘ವಿಚಾರಣಾ ನ್ಯಾಯಾಧೀಶರು ನಕ್ಷೆಯನ್ನು ತಪ್ಪಾಗಿ ಓದಿದ್ದನ್ನು ಈ ಪೀಠದ ಮುಂದೆ ಒಪ್ಪಿಕೊಂಡಿದ್ದಾರೆ.’ ಶೀಘ್ರಲಿಪಿಗಾರ್ತಿ ಅಶ್ವಿನಿ ತಲೆಯೆತ್ತಿ, “ಯಾವಾಗ ಒಪ್ಪಿಕೊಂಡ್ರು ಅಂತ ಬರೀಲಿ ಸರ್?” ಎಂದಳು. “ಈಗ,” ಎಂದರು.

ಕಡತ ಪಕ್ಕದ ಹಾಲಿನ ಇನ್ನೊಬ್ಬ ತಾತ್ಕಾಲಿಕ ನ್ಯಾಯಮೂರ್ತಿಗೆ ಹೋಯಿತು. ಅವರ ಅವಧಿ ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಮೊದಲಿಂದ ಕೇಳಲು ಪುರುಸೊತ್ತಿಲ್ಲ, ಮುಂದೆ ಬರುವವರು ನೋಡಲಿ ಎಂದು ಅದನ್ನು ಬದಿಗಿಡುವಷ್ಟರಲ್ಲಿ ಚನ್ನವೀರ ಬರೆಸಿದ್ದ ಆ ಸಾಲು ಕಣ್ಣಿಗೆ ಬಿತ್ತು. ಎರಡು ಸಲ ಓದಿದರು. ಮಾಳಿಂಗರಾಯನ ವಕೀಲರನ್ನು ಕರೆದು, “ಇದಕ್ಕೆ ಏನು ವಾದ ಮಾಡ್ತೀರಿ?” ಎಂದು ಕೇಳಿದರು. ವಕೀಲರು ಕಾಗದ ಮಡಚಿಕೊಂಡರು; ದಾರಿ ಇದೆ, ಬೇಲಿ ತೆಗೆಯಬೇಕು ಎಂದು ಆದೇಶವಾಯಿತು. ಮೂವತ್ತು ವರ್ಷದ ವ್ಯಾಜ್ಯ ನಾಲ್ಕು ನಿಮಿಷದಲ್ಲಿ ಮುಗಿಯಿತು. ಆ ನ್ಯಾಯಮೂರ್ತಿಗಳ ಬೀಳ್ಕೊಡುಗೆಯಲ್ಲಿ ಅವರ ವೇಗವನ್ನು ಎಲ್ಲರೂ ಹೊಗಳಿದರು. ಚನ್ನವೀರ ಅವರಿಗೆ ಮಾತ್ರ, ಅಧೀನ ನ್ಯಾಯಾಲಯದ ಬಗ್ಗೆ ಕಟುವಾಗಿ ಮಾತಾಡಿದ್ದೇಕೆ ಎಂದು ವಿವರಣೆ ಕೇಳಿ ಪತ್ರ ಬಂತು.

ಮುಂದಿನ ಸೋಮವಾರ ಮಾಳಿಂಗರಾಯ ಬೇಲಿ ಕೀಳಿಸಿದ. ದಾರಿಯ ಮೇಲೆ ಆಳೆತ್ತರ ಜಾಲಿ ಬೆಳೆದಿತ್ತು. ಕಡಿಯಲು ಎರಡು ದಿನ ಹಿಡಿಯಿತು. ಮೂರನೇ ದಿನ ಪಕೀರಮ್ಮ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಸಿವುಡುಗಳ ಮೇಲೆ ಕೂತು ಬಂದಳು. ಬದುವಿನ ಮೇಲೆ ನಿಂತಿದ್ದ ಮಾಳಿಂಗರಾಯ, “ಹುಷಾರ್ ಅಕ್ಕ, ಅಲ್ಲಿ ತಗ್ಗೈತಿ,” ಎಂದ.

“ನೀನೇ ಮುಚ್ಚಸು,” ಎಂದಳು ಪಕೀರಮ್ಮ, ಟ್ರ್ಯಾಕ್ಟರು ನಿಲ್ಲಿಸಗೊಡದೆ.