ದಣಿವಾರಿಸಿಕೊಂಡ ಮಂಜುಗಡ್ಡೆ

ಮಂಜು ಕೊರೆದು ತೆಗೆಯುವ ಬಿಡಾರ ಮುಚ್ಚಿ ಬಹಳ ವರ್ಷವಾಯಿತು. ಆದರೂ ಲೋಟದಲ್ಲಿ ಮಂಜುಗಡ್ಡೆ ಚಟಪಟ ಎಂದರೆ ನನಗೆ ಆ ಬೇಸಿಗೆಯೇ ನೆನಪಾಗುತ್ತದೆ.

ನನ್ನ ಯಜಮಾನರು ಉಸ್ಸಾರ್ಕಾಕ್ ನಾಯಿಬಂಡಿಯ ಬೇಟೆಗಾರರು. ಬೇಸಿಗೆ ಬಂದರೆ ಇಬ್ಬರೂ ಗ್ರೀನ್‌ಲ್ಯಾಂಡಿನ ನಡುಹಿಮದ ಮೇಲಿದ್ದ ಬಿಡಾರಕ್ಕೆ ಹೋಗುತ್ತಿದ್ದೆವು. ನನ್ನದು ಅಡುಗೆ. ಆಳದಿಂದ ಕೊರೆದು ತೆಗೆದ ಮಂಜಿನ ಕಂಬಗಳನ್ನು ಹಿಮದೊಳಗಿನ ನೆಲಮಾಳಿಗೆಯಲ್ಲಿ ಜೋಡಿಸುವುದು ಅವರದು. ಆ ಮಂಜಿನೊಳಗೆ ಹಳೆಯ ಕಾಲದ ಗಾಳಿ ಸಿಕ್ಕಿಕೊಂಡಿರುತ್ತದೆ. ಆಗ ಲೋಕ ಎಷ್ಟು ತಣ್ಣಗಿತ್ತು, ಈಗ ಎಷ್ಟು ಕಾದಿದೆ ಎಂದು ವಿಜ್ಞಾನಿಗಳು ಅದರಿಂದ ತಿಳಿಯುತ್ತಾರಂತೆ. ಕೆಲವು ಆಳದ ಕಂಬಗಳು ಮೇಲೆ ಬಂದ ಕೂಡಲೇ ಮುಟ್ಟಿದರೆ ಗಾಜಿನಂತೆ ಸಿಡಿಯುತ್ತವೆ. ಒಳಗಿನ ಗಾಳಿಯ ಒತ್ತಡ ಇಳಿಯಲೆಂದು ಅವನ್ನು ಕೊಯ್ಯದೆ ಒಂದು ಚಳಿಗಾಲ ಮಲಗಿಸಿಡುವುದು ಪದ್ಧತಿ.

"ದೂರದಿಂದ ಬಂದಿದೆ, ಸುಸ್ತಾಗಿದೆ. ಯಾರೂ ಮಾತಾಡಿಸ್ಬೇಡಿ," ಎನ್ನುತ್ತಿದ್ದರು ನಮ್ಮವರು.

"ಹೆಂಡ್ತೀನ ಒಂದಿನ ಹೀಗೆ ನೋಡ್ಕೊಂಡಿದ್ದೀಯೇನಯ್ಯಾ?" ಬಿಡಾರದ ಹಿರಿಯ ಪ್ರೆಬೆನ್ ಕೆಣಕುತ್ತಿದ್ದ.

"ಅವಳು ಒಡೆಯೋ ಪೈಕಿ ಅಲ್ಲಪ್ಪ, ಒಡೆಯಿಸೋ ಪೈಕಿ."

ಒಂದು ವರ್ಷ ಚಳಿಗಾಲದಲ್ಲಿ ಸಮುದ್ರ ತಡವಾಗಿ ಹೆಪ್ಪುಗಟ್ಟಿತು. ಮಂಜು ತೆಳುವಾಗಿದ್ದ ಕಡೆ ಬಂಡಿ ಹೊಡೆದುಕೊಂಡು ಹೋದ ನಮ್ಮವರು ಮರಳಲಿಲ್ಲ. ವಸಂತದಲ್ಲಿ ಮಗಳು ನಾಡುಕ್ ಹೆಣ್ಣುಮಗು ಹೆತ್ತಳು. ತೀರಿಹೋದವರ ಹೆಸರನ್ನು ಆಮೇಲೆ ಹುಟ್ಟಿದ ಮಗುವಿಗೆ ಇಟ್ಟರೆ, ನಮ್ಮಲ್ಲಿ ಅವರೇ ಮನೆಗೆ ಬಂದ ಹಾಗೆ. ಹೆಣ್ಣಾದರೂ ಉಸ್ಸಾರ್ಕಾಕ್ ಎಂದೇ ಇಟ್ಟೆವು. ಮಗಳು ಮಗುವನ್ನು ಅಪ್ಪ ಎಂದಳು, ನಾನು ಯಜಮಾನ್ರೇ ಎಂದೆ.

ಬೇಸಿಗೆಗೆ ಮತ್ತೆ ಅಡುಗೆಗೆ ಹೋದೆ. ಅವರು ಕೊನೆಗೆ ಮಲಗಿಸಿಟ್ಟ ಕಂಬ ಇಡಿಯಾಗಿರಲಿ ಎಂಬುದೊಂದೇ ಆಸೆ. ಪುಡಿಯಾಗಿದ್ದರೆ ಎಸೆಯುತ್ತಾರೆ. ಅವರ ದೇಹವೂ ಸಿಗಲಿಲ್ಲ, ಕೈ ಕೆಲಸವೂ ಉಳಿಯದು.

ಕೊಯ್ಯುವ ದಿನ ಪ್ರೆಬೆನ್ ಅಡುಗೆಮನೆಗೆ ಇಣುಕಿ, "ಬರ್ತೀಯೇನಮ್ಮಾ?" ಎಂದ.

"ಸೀಲ್ ಮಾಂಸದ ಸಾರು ಸೀದ್ರೆ ನನ್ನ ಬೈಯೋಹಾಗಿಲ್ಲ," ಎಂದು ಹಿಂದೆಯೇ ನೆಲಮಾಳಿಗೆಗೆ ಇಳಿದೆ.

ಸಿಡಿದರೂ ಚೂರು ಚೆದುರದಂತೆ ಕಂಬಕ್ಕೆ ಸುತ್ತಿದ್ದ ಬಲೆ ಬಿಚ್ಚಿದರು. ಗರಗಸ ತಡೆಯಿಲ್ಲದೆ ಈ ತುದಿಯಿಂದ ಆ ತುದಿಗೆ ಹೋಯಿತು. ಕಂಬ ಬಿರಿಯಲಿಲ್ಲ. ಪ್ರೆಬೆನ್ ಟೋಪಿ ತೆಗೆದ.

"ಚೆನ್ನಾಗಿ ನಿದ್ದೆ ಮಾಡಿದೆ," ಎಂದು ಅಂಚಿನ ಚೂರೊಂದನ್ನು ನನ್ನ ಕೈಗಿಟ್ಟ.

ಅದನ್ನು ಹಿಮದ ಪೆಟ್ಟಿಗೆಯಲ್ಲಿಟ್ಟು ಊರಿಗೆ ತಂದೆ. ಮನೆ ತುಂಬ ಕಾಫಿಗೆ ಬಂದ ನೆಂಟರು, ಮಗು ಒಂದೇ ಸಮನೆ ಅಳುತ್ತಿತ್ತು. ನೀರಿನ ಲೋಟಕ್ಕೆ ಚೂರು ಹಾಕಿ ಮಗುವಿನ ಕಿವಿಯ ಹತ್ತಿರ ಹಿಡಿದೆ. ಒಳಗಿನ ಗಾಳಿ ಚಟಪಟ ಎಂದು ಬಿಡುಗಡೆಯಾಯಿತು. ಮಗು ಅಳು ನಿಲ್ಲಿಸಿ ಆ ಕಡೆ ತಿರುಗಿತು.

"ಕೇಳಿಸ್ತಾ ಯಜಮಾನ್ರೇ? ನೀವು ಮಲಗ್ಸಿದ್ದು ಈಗ ಎದ್ದಿದೆ."

"ಸಾಕಮ್ಮಾ," ಎಂದಳು ನಾಡುಕ್, ಕಣ್ಣೊರೆಸಿಕೊಳ್ಳುತ್ತಾ. "ಅಪ್ಪನ ಕಿವಿ ತಣ್ಣಗಾಗುತ್ತೆ."