ಬೀಗರ ಗಿಡ ಮತ್ತು ನನ್ನ ನಲವತ್ತೆಂಟು ಗೂಟ

ಮೂವತ್ತೆರಡು ವರ್ಷ ಜಮೀನು ಅಳೆದವನು ನಾನು. ಹಗ್ಗ, ಗೂಟ, ನಕ್ಷೆ ಇಲ್ಲದೆ ಯಾವ ಕೆಲಸಕ್ಕೂ ಕೈ ಹಾಕಿದವನಲ್ಲ. ಮನೆಯ ಮಂಚವನ್ನೂ ಗೋಡೆಯಿಂದ ಅಳೆದೇ ಹಾಕಿಸಿದ್ದೇನೆ. ಈ ಚಟವೇ ಹೋದ ವರ್ಷ ನನ್ನ ಮಾನ ಕಳೆಯಿತು.

ನಮ್ಮಕ್ಕ ಚಾಪೆ ಹೆಣೆಯುವವಳು. ಅದಕ್ಕೆ ಬೇಕಾದ ಜೊಂಡು ಹೊಳೆಯಂಚಿನ ತುಂಬ ಆಳೆತ್ತರ ಬೆಳೆಯುತ್ತಿತ್ತು. ಆಮೇಲೆ ಯಾರೋ ಪುಣ್ಯಾತ್ಮರು ಬೇಲಿಗೆ ಚಂದವೆಂದು ಎಲ್ಲಿಂದಲೋ ಒಂದು ಗಿಡ ತಂದು ನೆಟ್ಟರು. ನಸುನೇರಳೆ ಹೂವು, ಪೊಳ್ಳು ಕಾಂಡ. ದನ ಮೂಸುವುದಿಲ್ಲ, ಹುಳ ಮುಟ್ಟುವುದಿಲ್ಲ. ಬಂದದ್ದು ಒಂದು ಮೂಲೆಗೆ, ಕೊನೆಗೆ ಮನೆಯೆಲ್ಲ ಅದರದೇ. ಅದಕ್ಕೇ ನಾವು ಅದನ್ನು ಬೀಗರ ಗಿಡ ಅನ್ನುವುದು. ಬೇಲಿಯಿಂದ ಹೊಳೆಗೂ ಇಳಿದು ಹಬ್ಬಿದ ಅದರ ನೆರಳಲ್ಲಿ ಬಿಸಿಲು ಕಾಣದೆ ಜೊಂಡು ಸತ್ತಿತು. ಜೊಂಡಿನಲ್ಲಿ ಗೂಡು ಕಟ್ಟುತ್ತಿದ್ದ ನೀರುಕೋಳಿಗಳೂ ಗಂಟುಮೂಟೆ ಕಟ್ಟಿದವು.

ಅಕ್ಕನಿಗೆ ಉಳಿದದ್ದು ಹಿತ್ತಿಲ ತೊಟ್ಟಿಯಲ್ಲಿ ಕಾಪಾಡಿಕೊಂಡಿದ್ದ ಒಂದಿಷ್ಟು ಜೊಂಡಿನ ಬುಡ ಮಾತ್ರ.

"ಇದು ಹೊಳೇಲಿ ಹತ್ತಿಕೊಂಡ್ರೆ ಸರಿ, ಇಲ್ಲಾಂದ್ರೆ ಮಗ್ಗ ಅಟ್ಟಕ್ಕೆ," ಅಂದಳು.

"ನಾನಿದ್ದೀನಲ್ಲಕ್ಕ!"

"ನೀನಿದ್ದೀಯ ಅಂತಾನೇ ಭಯ ಕಣೋ."

ಹನ್ನೊಂದು ದಿನ ಇಬ್ಬರೂ ಕೆಸರಲ್ಲಿ ನಿಂತು ಬೀಗರ ಗಿಡವನ್ನು ಬೇರುಸಮೇತ ಕಿತ್ತೆವು. ಒಂದು ಕಡ್ಡಿಯೂ ನೆಲಕ್ಕೆ ಬೀಳದ ಹಾಗೆ ಗಾಡಿಗೆ ಹೇರಿ, ದೂರದ ಬಂಡೆಯ ಮೇಲೆ ಒಣಗಲು ಹಾಕಿಸಿದೆವು. ಕಡೆಯ ಗಾಡಿ ಹೊರಡುವ ಮೊದಲು ಜೊಂಡು ನೆಡಬೇಕಾದ ಜಾಗ ಅಳೆದೆ. ಆರು ಸಾಲು, ಸಾಲಿಗೆ ಎಂಟು. ಪ್ರತಿ ಬುಡದ ಪಕ್ಕ ಒಂದು ಗೂಟ ಬೇಡವೇ? ಗಾಡಿಯಲ್ಲೇ ನೆಟ್ಟಗಿನ ದಪ್ಪ ಕಾಂಡಗಳಿದ್ದವು. ಕತ್ತರಿಸಿದೆ, ತುದಿ ಚೂಪು ಮಾಡಿದೆ, ಹೊಡೆದೆ. ಅಕ್ಕ ಅಷ್ಟರಲ್ಲಿ ಸೊಂಟನೋವೆಂದು ಮನೆಗೆ ಹೋಗಿದ್ದಳು. ಮರುದಿನ ಅವಳ ಜೊಂಡನ್ನು ನಾನೇ ನೆಟ್ಟು, ನಕ್ಷೆ ಬರೆದೆ.

ನಮ್ಮ ಬೀದಿಯ ಕ್ಷೌರದವನಿಗೆ ರೇಡಿಯೊ ಅಂತ ಅಡ್ಡಹೆಸರು. ಅವನು ಬಂದು ನೋಡಿ, "ಅಣ್ಣಾ, ಬೈತಲೆ ತೆಗೆದಂಗಿದೆ!" ಅಂದ. ನಾನು ಉಬ್ಬಿಹೋದೆ.

ಮೂರು ವಾರದ ಮೇಲೆ ಅವನೇ ಓಡಿಬಂದ.

"ಅಣ್ಣಾ, ನಿಮ್ಮ ಗೂಟ ಚಿಗುರಿದೆ."

"ಗೂಟ ಚಿಗುರುತ್ತೇನೋ ಮುಟ್ಠಾಳ?"

ಹೋಗಿ ನೋಡಿದರೆ, ಸಿಪಾಯಿಗಳ ಹಾಗೆ ನಿಂತ ಗೂಟಗಳ ತಲೆ ತುಂಬ ಎಲೆ. ಪಕ್ಕದಲ್ಲಿ ಬಡಪಾಯಿ ಜೊಂಡು ಹಳದಿಯಾಗುತ್ತಿತ್ತು. ಅಕ್ಕ ಆಗಲೇ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಇಷ್ಟು ವರ್ಷ ಅದು ಅಡ್ಡಾದಿಡ್ಡಿ ಬೆಳೀತಿತ್ತು. ನೀನು ಲೈನಲ್ಲಿ ನಿಲ್ಸಿದ್ದೀಯ."

"ಗೊತ್ತಾಗ್ಲಿಲ್ಲ ಕಣಕ್ಕ."

"ಮುರಿದ ತುಂಡೂ ಬೇರು ಬಿಡುತ್ತೆ ಅಂತ ಹನ್ನೊಂದು ದಿನ ಬಾಯಿ ಬಡ್ಕೊಂಡೆನಲ್ಲೋ!"

"ಅದು ಗಿಡಕ್ಕೆ ಹೇಳಿದ್ದು ಅಂದ್ಕೊಂಡೆ. ಇದು ಗೂಟ ಅಲ್ವಾ?"

ಅಕ್ಕ ನನ್ನನ್ನು ಒಮ್ಮೆ, ಹೊಳೆಯನ್ನು ಒಮ್ಮೆ ನೋಡಿದಳು. ತಳ್ಳುವುದಕ್ಕೆ ಆಳ ಸಾಲದು ಅನ್ನಿಸಿರಬೇಕು.

"ನಕ್ಷೆ ತಗೊಂಡ್ಬಾ," ಅಂದಳು.

ಅವಳು ದಡದಲ್ಲಿ ಕೂತು, "ಮೂರನೇ ಸಾಲು, ಐದನೇದು!" ಎಂದು ಕೂಗುವುದು, ನಾನು ಮೊಣಕಾಲುದ್ದ ಕೆಸರಲ್ಲಿ ಕೀಳುವುದು. ಸಂಜೆಯ ಹೊತ್ತಿಗೆ ನಲವತ್ತೇಳು ಸಿಕ್ಕವು. ಕಡೆಯ ಸಾಲಿನ ಎಂಟನೆಯದು ಇಲ್ಲ. ಅಲ್ಲೊಂದು ತೂತು ಮಾತ್ರ ಇತ್ತು. ರೇಡಿಯೊ ತಲೆ ಕೆರೆದುಕೊಂಡ.

"ಟವೆಲ್ ಒಣಗ್ಸೋ ಹಗ್ಗಕ್ಕೆ ಒಂದು ಗೂಟ ಬೇಕಿತ್ತಣ್ಣ. ಅಂಗಡಿ ಹಿಂದೆ ನೆಟ್ಟಿದ್ದೀನಿ. ಮೊಗ್ಗು ಬಿಟ್ಟಿದೆ, ಚಂದಾಗಿದೆ. ಒಂದೇ ಒಂದು ಇರ್ಲಿ ಬಿಡಕ್ಕ."

"ಹೊಳೆ ಹಾಳಾಗಿದ್ದೂ ಒಂದೇ ಒಂದರಿಂದಲೇ ಕಣೋ!" ಎಂದು ಅಕ್ಕ ಸೊಂಟನೋವು ಮರೆತು ಅಂಗಡಿಯ ಕಡೆ ನಡೆದಳು. ಒಳಗೆ ಅರ್ಧ ಗಡ್ಡ ಹೆರೆಸಿಕೊಂಡು ಕೂತಿದ್ದ ಗಿರಾಕಿ ಅವಳ ಮುಖ ನೋಡಿ ಎದ್ದೇ ಹೋದ.

ಮೂವತ್ತೊಂದು ಬುಡ ಬದುಕಿದವು, ಹಬ್ಬಿದವು. ಈ ವರ್ಷ ಅಕ್ಕ ಮೊದಲ ಚಾಪೆ ಹೆಣೆದಳು, ಚಿಕ್ಕದು. ತಂದು ನನ್ನ ಕೈಗೇ ಕೊಟ್ಟಳು.

"ಅಳೀಬೇಡ," ಅಂದಳು.

ಅವಳು ಹೋದ ಮೇಲೆ ಅಳೆದೆ. ಒಂದು ಬದಿ ಎರಡು ಬೆರಳು ಗಿಡ್ಡ. ಹೇಳಿಲ್ಲ. ನನಗೂ ಜೀವದ ಮೇಲೆ ಆಸೆಯಿದೆ.