ಗಾಜಿನೊಳಗಿನ ಗಂಡು ಹುಳ

ದಾಂಡೇಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಬಾಬಾಜಾನನ ಗಡಿಯಾರ ರಿಪೇರಿ ಅಂಗಡಿ ಎಷ್ಟು ದೊಡ್ಡದೆಂದರೆ, ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕು, ಮೂರನೆಯವ ಬಂದರೆ ಕೂತವನೇ ಎದ್ದು ಜಾಗ ಕೊಡಬೇಕು. ಅಂಥ ಅಂಗಡಿಗೆ ವಿದ್ಯಾವತಿ ಮೇಡಂ ಒಂದು ಡಬ್ಬಿಯಲ್ಲಿ ಆರು ಸತ್ತ ಹುಳ ಹಾಕಿಕೊಂಡು ಬಂದಾಗ ಅವನ ತಲೆ ಕೆಟ್ಟುಹೋಯಿತು.

"ಇಲ್ನೋಡ್ರಿ ಮೇಡಂ, ಇದು ಗಡಿಯಾರದ ಅಂಗಡಿ. ತಿಗಣಿ ಗಿಗಣಿ ರಿಪೇರಿ ಮಾಡೂದಿಲ್ಲ."

"ತಿಗಣಿ ಅಲ್ರಿ ಚಾಚಾ, ನೀರಿನ ಜೀರುಂಡಿ. ಕೊಳೆತ ಎಲಿ, ಪಾಚಿ ತಿಂದು ಬದುಕ್ತಾವ. ಜಗತ್ತಿನ್ಯಾಗ ಇದಕ್ಕ ಇನ್ನೂ ಹೆಸರಿಲ್ಲ."

"ಇಲ್ದಿದ್ರ ಇಡ್ರಿ. ಹೆಸರಿಡಾಕ ನಾ ಏನ್ ಮೌಲ್ವಿ ಏನ್ರಿ?"

ವಿದ್ಯಾವತಿ ಎರಡೂ ಕೈ ಮುಂದೆ ಚಾಚಿದಳು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಐವತ್ತೆರಡರ ಹೆಂಗಸು. ಹೋದ ವರ್ಷದಿಂದ ಈ ನಡುಕ. ಹುಳವೋ ರಾಗಿಕಾಳಿನಷ್ಟು. ಅದನ್ನು ಚಿಮಟದಲ್ಲಿ ಎತ್ತಿ, ಚೂಪಾದ ಕಾಗದದ ತುದಿಗೆ ಒಂದು ಹನಿ ಅಂಟು ಹಚ್ಚಿ ಕೂರಿಸಬೇಕು. ದಾಂಡೇಲಿಯಲ್ಲಿ ಅಷ್ಟು ಗಟ್ಟಿ ಕೈ ಯಾರದು ಎಂದು ಕೇಳಿದ್ದಕ್ಕೆ ಊರೆಲ್ಲ ಒಂದೇ ಹೆಸರು ಹೇಳಿತ್ತು.

ಹೊಗಳಿದರೆ ಬಾಬಾಜಾನ ಕರಗುತ್ತಾನೆ. ಆದರೆ ಗೊಣಗುವುದನ್ನು ಮಾತ್ರ ಬಿಡುವುದಿಲ್ಲ. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡ.

"ಆರ್ ವರ್ಷ ಆತ್ರಿ ಚಾಚಾ," ಎಂದಳು ವಿದ್ಯಾವತಿ. "ಅನಮೋಡ ಕಡೆ ಒಂದು ಕಲ್ಲಬಂಡಿ ಮ್ಯಾಲೆ ನೀರು ಒಸರತಿತ್ತು. ಪ್ರತಿ ಮಳಿಗಾಲ ಹೋಗಿ ಬ್ರಶ್ಶಿಲೆ ಕೆರೆದು ಕೆರೆದು ಹಿಡಿದದ್ದು ಇಷ್ಟ. ಐದು ಹೆಣ್ಣು, ಒಂದ ಒಂದು ಗಂಡು. ಹೋದ ಮಳ್ಯಾಗ ಗುಡ್ಡ ಜಾರಿ ಆ ಬಂಡಿನೂ ಮಣ್ಣಾಗ ಹೋತು."

"ಹೆಣ್ಣು ಐದು ಅದಾವಲ್ಲ, ಸಾಕಲ್ರಿ?"

"ಸಾಕಾಗೂದಿಲ್ಲ. ಹೆಣ್ಣೆಲ್ಲ ಅಕ್ಕಪಕ್ಕದ ಜಾತಿ ಥರಾನ ಕಾಣ್ತಾವ. ಗಂಡಿನ ಹೊಟ್ಟಿಯೊಳಗ ತುದಿಗೆ ಒಂದು ಅಂಗ ಇರ್ತೈತಿ. ಅದರ ಆಕಾರ ನೋಡೇ ಇದು ಹೊಸಾದು ಅಂತ ಹೇಳಾಕ ಬರ್ತೈತಿ. ಅದರ ಚಿತ್ರ ತಗದು ತಿಂಗಳ ಕೊನಿಗೆ ವಿಜ್ಞಾನದ ಪತ್ರಿಕೆಗೆ ಕಳಸಬೇಕು. ಇಲ್ಲಂದ್ರ ಆರು ವರ್ಷದ ಕೆಲಸ ನೀರಾಗ."

ಬಾಬಾಜಾನ ಹಿಂದಿನ ಪರದೆಯತ್ತ ನೋಡಿದ. ಪರದೆಯ ಆಚೆಗೇ ಮನೆ. "ಮೇಡಂ, ಸಾವಕಾಶ ಮಾತಾಡ್ರಿ. ಒಳಗ ಹೆಂಗಸರದಾರ."

"ನಾ ಏನು ಗಂಡಸೇನ್ರಿ?"

ಪರದೆಯ ಆಚೆ ಅವನ ಹೆಂಡತಿ ಅಮೀರುನ್ನಿಸಾ ಕಿಸಕ್ಕನೆ ನಕ್ಕದ್ದು ಕೇಳಿಸಿತು.

ಐದು ಹೆಣ್ಣುಗಳನ್ನು ಅವನು ಅರ್ಧ ಗಂಟೆಯೊಳಗೆ ಸಾಲಾಗಿ ಕೂರಿಸಿದ. ಆಮೇಲೆ ಗಂಡು ಹುಳವನ್ನು ಬಿಳಿ ಹಾಳೆಯ ಮೇಲೆ ಇಟ್ಟ. ಅದನ್ನು ಕೂರಿಸಬೇಕಿದ್ದ ಕಾಗದದ ತುದಿಯಲ್ಲಿ ಅದೇನೋ ಎಳೆ ಸಿಕ್ಕಿಕೊಂಡಂತೆ ಕಂಡಿತು. ನಲವತ್ತು ವರ್ಷದ ಕೈ, ತಲೆಯನ್ನು ಕೇಳಲೇ ಇಲ್ಲ. ಗಡಿಯಾರದವರ ಮೇಜಿನ ಮೇಲೆ ಒಂದು ರಬ್ಬರ್ ಪಂಪು ಇರುತ್ತದೆ, ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಮೂತಿಯಿಂದ ಗಾಳಿ ಬರುವಂಥದ್ದು. ಗಾಜು ಮುಚ್ಚುವ ಮುನ್ನ ಧೂಳು ಹಾರಿಸಲಿಕ್ಕೆ. ದಿನಕ್ಕೆ ನೂರು ಸಲ ಎತ್ತುವ ಆ ಪಂಪನ್ನು ಎತ್ತಿದ, ಅದುಮಿದ.

ಪುಸ್.

ಕಾಗದ ಸ್ವಚ್ಛವಾಯಿತು. ಹಾಳೆಯೂ ಸ್ವಚ್ಛವಾಯಿತು.

ವಿದ್ಯಾವತಿ ಕೂಗಾಡಿದ್ದರೆ ಅವನಿಗೆ ಬೈಸಿಕೊಳ್ಳುವುದಾದರೂ ಸುಲಭವಾಗುತ್ತಿತ್ತು. ಅವಳು ಸೀರೆ ಸಿಕ್ಕಿಸಿ ನೆಲದ ಮೇಲೆ ಮಂಡಿಯೂರಿದಳು. "ಆ ಪಂಪು ಮತ್ತ ಮುಟ್ಟಬ್ಯಾಡ್ರಿ ಚಾಚಾ. ಉಸರೂ ಜೋರಾಗಿ ಬಿಡಬ್ಯಾಡ್ರಿ" ಎಂದಷ್ಟೇ ಹೇಳಿದಳು.

ಇಬ್ಬರೂ ನೆಲ ಹುಡುಕುತ್ತಿರುವಾಗಲೇ ಕಾಯತಾನ ಬರಬೇಕೇ! ಹಳಿಯಾಳದ ಆಚೆಯ ಸಿದ್ದಿಯವರ ಹಳ್ಳಿಯ ರೈತ. ಅವನ ಅಪ್ಪನ ಚಾವಿ ಕೊಡುವ ಕೈಗಡಿಯಾರ ರಿಪೇರಿಯಾಗಿ, ಗಾಜೊಂದು ಹಾಕುವುದು ಬಾಕಿಯಿದ್ದು, ಮೇಜಿನ ಮೇಲೆ ಮುಖ ಮೇಲಾಗಿ ಬಿದ್ದಿತ್ತು.

"ಬಾಬಾಜಾನ ಭಾಯಿ, ಬಸ್ಸು ಹೊಂಟೈತಿ. ಕೊಡ್ರಿ ನನ್ನ ಗಡಿಯಾರ. ಇದೇನು, ಇಬ್ಬರೂ ನೆಲದಾಗ ಬಾಂವಿ ತೋಡಾಕತ್ತೀರಿ?"

"ಅಲ್ಲೇ ನಿಲ್ಲೋ ಮಾರಾಯ! ಕಾಲ್ ಇಡಬ್ಯಾಡ ಒಳಗ!" ಬಾಬಾಜಾನ ಎದ್ದ. ಸಿಟ್ಟಿನಲ್ಲೇ ಗಾಜು ಅಮುಕಿ ಕೂರಿಸಿ, ಬಾಗಿಲಲ್ಲೇ ಗಡಿಯಾರ ಅವನ ಕೈಗಿಟ್ಟು ಸಾಗಹಾಕಿದ.

ಅವತ್ತು ಹುಳ ಸಿಗಲಿಲ್ಲ. ಮರುದಿನ ಅಂಗಡಿ ಮುಚ್ಚಿ, ಒಂದೊಂದೇ ಡ್ರಾಯರ್ ತೆಗೆದು, ಕಸವನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಹರಡಿ ಭೂತಗನ್ನಡಿಯಲ್ಲಿ ನೋಡಿದ. ಸತ್ತ ಇರುವೆ ಸಿಕ್ಕವು. ಒಂಬತ್ತು ವರ್ಷದ ಹಿಂದೆ ಕಳೆದಿದ್ದ ಸ್ಕ್ರೂ ಸಿಕ್ಕಿತು. ವಿದ್ಯಾವತಿ ದಿನಾ ಕಾಲೇಜು ಬಿಟ್ಟ ಮೇಲೆ ಬಂದು ಬಾಗಿಲಲ್ಲಿ ನಿಂತು, ಅವನ ಮುಖ ನೋಡಿ ಹೋಗುತ್ತಿದ್ದಳು.

ಅದೇ ಹೊತ್ತಿಗೆ ಕಾಯತಾನನ ಫೋನು.

"ಭಾಯಿ, ಗಾಜಿನ ಒಳಗ ಕಸ ಐತ್ರಿ. ಏಳರ ಹತ್ರ."

ಬಾಬಾಜಾನನಿಗೆ ಮೈಯೆಲ್ಲ ಉರಿಯಿತು. "ಕಸ? ನನ್ನ ಗಾಜಿನ ಒಳಗ? ನಲವತ್ತು ವರ್ಷದಾಗ ಈ ಮಾತು ಯಾರೂ ಅಂದಿಲ್ಲ. ನಿನ್ನ ಕಣ್ಣಾಗ ಕಸ ಇರಬೇಕು, ತೊಳಕೋ!"

ಮಾರನೆಯ ದಿನ ಮತ್ತೆ. "ಭಾಯಿ, ಈಗ ಅದು ಒಂಬತ್ತರ ಹತ್ರ ಹೋಗೈತಿ. ಸೆಕೆಂಡಿನ ಮುಳ್ಳು ಅದನ್ನ ದೂಡಾಕತ್ತೈತಿ. ಕರ್ರಗ, ಗುಂಡಗ ಐತ್ರಿ."

"ಓಡಾಡತೈತಾ? ಹಂಗಾರ ಅದಕ್ಕೊಂದು ಟಿಕೀಟು ತಗಿ!"

"ಚ್ಯಾಷ್ಟಿ ಬ್ಯಾಡ್ರಿ. ನಾಳೆ ಹಳಿಯಾಳದ ಸಂತಿಗೆ ಹೊಂಟೇನಿ. ಅಲ್ಲಿ ಗಡಿಯಾರದ ಮಹಾಂತಪ್ಪಗ ಕೊಟ್ಟು ಸ್ವಚ್ಛ ಮಾಡಸ್ತೇನಿ."

ಮಹಾಂತಪ್ಪನ ಹೆಸರು ಕೇಳಿದರೆ ಬಾಬಾಜಾನನಿಗೆ ಊಟ ಸೇರುವುದಿಲ್ಲ. "ಕೊಡು ಹೋಗು! ಮುಳ್ಳು ತಿರುಗಿ ಹಾಕಿ ಕೊಡ್ತಾನ!" ಎಂದು ಫೋನು ಕುಕ್ಕಿದ.

ಮರುದಿನ ಬೆಳಿಗ್ಗೆ ಚಹಾ ತಂದ ಅಮೀರುನ್ನಿಸಾಳ ಮುಂದೆ ಇದನ್ನೇ ಮೂರನೆಯ ಸಲ ಹೇಳಿಕೊಂಡ. ಗಾಜು ಮುಚ್ಚುವ ಮುಂಚೆ ಊದದೆ ತಾನು ಒಂದು ಗಡಿಯಾರವನ್ನಾದರೂ ಕೊಟ್ಟಿದ್ದೇನೆಯೇ ಎಂದ.

"ಅವತ್ತು ಊದಿದ್ರೇನು?" ಎಂದಳು ಅವಳು.

"ಯಾವತ್ತು?"

"ಅವ ಬಂದ ದಿನ. ಪಂಪು ಮುಟ್ಟಬ್ಯಾಡ್ರಿ ಅಂತ ಆ ಮೇಡಂ ಹೇಳಿದ್ದು ನನಗ ಇಲ್ಲೀತನಕ ಕೇಳಸ್ತು. ಊದದ ಮುಚ್ಚಿರಬೇಕಲ್ಲ ಹಂಗಾರ?"

ಚಹಾ ಬಟ್ಟಲು ಬಾಯಿಯ ಹತ್ತಿರವೇ ನಿಂತಿತು. ಕರ್ರಗೆ. ಗುಂಡಗೆ.

"ಯಾ ಅಲ್ಲಾ!"

ಕಾಯತಾನನ ಫೋನು ಹತ್ತಲಿಲ್ಲ. ಅವನ ದಾರಿಯಲ್ಲಿ ಕಾಡೇ ಹೆಚ್ಚು. ಮಹಾಂತಪ್ಪನ ನಂಬರನ್ನು ಬಾಬಾಜಾನ ಹುಟ್ಟಿದಾಗಿನಿಂದ ಇಟ್ಟುಕೊಂಡವನಲ್ಲ. ಕಾಲೇಜಿನ ಗೇಟಿಗೆ ಓಡಿದ. ವಿದ್ಯಾವತಿ ಕ್ಲಾಸು ಬಿಟ್ಟು ಬಂದಳು. ಇಬ್ಬರೂ ಬಸ್ಸು ಹತ್ತಿದರು. ಬಸ್ಸು ಕೈ ಮಾಡಿದವರಿಗೆಲ್ಲ ನಿಂತಿತು, ಕುರಿಗಳಿಗೂ ನಿಂತಿತು.

"ಅಂವ ಗಾಜು ತಗದ ಕೂಡಲೇ ಊದ್ತಾನ್ರಿ ಮೇಡಂ," ಎಂದ ಬಾಬಾಜಾನ. "ಊದದ ಇರಾಕ ಆಗೂದೇ ಇಲ್ಲ ನಮಗ."

"ಸುಮ್ಮನ ಕೂಡ್ರಿ ಚಾಚಾ, ನಿಮಗ ಕೈ ಮುಗಿತೀನಿ," ಎಂದಳು ವಿದ್ಯಾವತಿ.

ಸಂತೆಯ ದಿನದ ಹಳಿಯಾಳ. ಮೆಣಸಿನಕಾಯಿ ಚೀಲ ದಾಟಿ, ಕೋಳಿ ಬುಟ್ಟಿ ದಾಟಿ ಮಹಾಂತಪ್ಪನ ಅಂಗಡಿ ಕಂಡಾಗ, ಒಳಗೆ ಕಾಯತಾನ ಸ್ಟೂಲಿನ ಮೇಲೆ ಕೂತಿದ್ದ. ಗಡಿಯಾರದ ಗಾಜು ಪಕ್ಕಕ್ಕೆ ಬಿದ್ದಿತ್ತು. ಮಹಾಂತಪ್ಪನ ಕೈಯಲ್ಲಿ ಪಂಪು. ಅದರ ಮೂತಿ ಗಡಿಯಾರದ ಮುಖದ ಮೇಲೇ ಇತ್ತು.

"ಊದಬ್ಯಾಡ!" ಬಾಬಾಜಾನ ರಸ್ತೆಯಿಂದಲೇ ಚೀರಿದ. "ಮಹಾಂತಪ್ಪಾ, ನಿನ್ನ ಕಾಲಿಗೆ ಬೀಳ್ತೇನಿ, ಊದಬ್ಯಾಡ!"

ಸಂತೆಯ ಅರ್ಧ ಜನ ತಿರುಗಿ ನೋಡಿದರು. ಮಹಾಂತಪ್ಪನ ಮುಷ್ಟಿ ಹಾಗೇ ನಿಂತಿತು. ಆಮೇಲೆ ಅವನ ಮುಖದಲ್ಲಿ ನಗು ಹರಡಿತು.

"ಬರ್ರಿ ಬರ್ರಿ, ದಾಂಡೇಲಿ ಸಾಹೇಬ್ರ. ಏನ್ರಿ, ಒಂದು ಕಸಕ್ಕ ಇಷ್ಟು ದೂರ ಬಂದ್ರಿ? ಕಸ ಯಾರದು?"

"ಪಂಪು ಕೆಳಗಿಡು ಮೊದಲ."

"ಕಸ ಯಾರದು ಹೇಳ್ರಿ, ಇಡ್ತೇನಿ."

ಬಾಬಾಜಾನ ಕಾಯತಾನನನ್ನು ನೋಡಿದ, ಬಾಗಿಲಲ್ಲಿ ನೆರೆದವರನ್ನು ನೋಡಿದ, ವಿದ್ಯಾವತಿಯ ನಡುಗುವ ಕೈ ನೋಡಿದ.

"ನಂದು. ಊದದ ಮುಚ್ಚಿದ್ದೆ. ಕಾಯತಾನಂದು ಖರೆ, ನಂದು ಸುಳ್ಳು. ಸಾಕೇನು? ಈಗ ನಿನ್ನ ಭೂತಗನ್ನಡಿ ಕೊಡು. ಅವಸರದಾಗ ನಂದು ಬಿಟ್ಟು ಬಂದೇನಿ."

ಮಹಾಂತಪ್ಪ ಪಂಪನ್ನು ಮೆಲ್ಲಗೆ ಕೆಳಗಿಟ್ಟ. ತನ್ನ ಭೂತಗನ್ನಡಿ ಒರೆಸಿ ಕೊಟ್ಟ. ಬಾಬಾಜಾನ ಉಸಿರು ಕಟ್ಟಿ, ಹತ್ತರ ಪಕ್ಕದಲ್ಲಿ ಕೂತಿದ್ದ ಆ ಕಪ್ಪು ಚುಕ್ಕೆಯನ್ನು ಚಿಮಟದಲ್ಲಿ ಎತ್ತಿ ಡಬ್ಬಿಯೊಳಗೆ ಬಿಟ್ಟು, ಮುಚ್ಚಳ ಹಾಕಿದ ಮೇಲೆಯೇ ಉಸಿರು ಬಿಟ್ಟ.

ವಿದ್ಯಾವತಿ ಅದೇ ಭೂತಗನ್ನಡಿ ತೆಗೆದುಕೊಂಡು ಡಬ್ಬಿಯ ಗಾಜಿನ ಮೂಲಕ ನೋಡಿದಳು. ಬಹಳ ಹೊತ್ತು ನೋಡಿದಳು. "ಹಿಂದಿನ ಎಡಗಾಲು ಮುರದೈತಿ. ಮುಳ್ಳು ಬಡಿದಿರಬೇಕು. ಹೊಟ್ಟಿ ಹಂಗ ಐತಿ." ಆಮೇಲೆ ಅಲ್ಲೇ ಕಾಯತಾನ ಬಿಟ್ಟುಕೊಟ್ಟ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಮೇಡಂ, ಹುಳ ನಿಮಗ ಸಿಕ್ತು," ಎಂದ ಕಾಯತಾನ. "ನನ್ನ ಗಡಿಯಾರ ಮುಚ್ಚವರು ಯಾರು? ಈ ಸಲ ಊದೇ ಮುಚ್ಚಬೇಕು ನೋಡ್ರಿ."

ಮಳೆಗಾಲ ಮುಗಿಯುವ ಹೊತ್ತಿಗೆ ಹುಳದ ಮೇಲಿನ ಬರಹ ಅಚ್ಚಾಗಿ ಬಂತು. ಹೊಸ ಜಾತಿಗೆ ಅದು ಸಿಕ್ಕ ಊರಿನ ಹೆಸರು. ವಿದ್ಯಾವತಿ ಅಂಗಡಿಯಲ್ಲಿ ನಿಂತು ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದಳು: ಉದ್ದ ಎರಡು ಮಿಲಿಮೀಟರಿಗೂ ಕಡಿಮೆ, ಬೆನ್ನು ಉಬ್ಬು, ಬಣ್ಣ ಕಪ್ಪು, ಹಿಂದಿನ ಎಡಗಾಲು ಇಲ್ಲ.

"ಕಾಲು ಯಾಕಿಲ್ಲ ಅಂತ ಬರದೀರೇನು?"

"ಇಲ್ರಿ. ಇಲ್ಲ ಅಂತಷ್ಟ ಬರದೇನಿ."

ಬಾಬಾಜಾನನಿಗೆ ಸಮಾಧಾನವಾಯಿತು. ಕೊನೆಯಲ್ಲಿ ಉಪಕಾರ ನೆನೆದು ಬರೆದ ಹೆಸರುಗಳನ್ನು ಓದಿದಳು. ಬಾಬಾಜಾನ, ದಾಂಡೇಲಿ. ಕಾಯತಾನ ಸಿದ್ದಿ, ಹಳಿಯಾಳ ತಾಲೂಕು. ಮಹಾಂತಪ್ಪ, ಹಳಿಯಾಳ.

"ಅರೇ! ಅವನ ಹೆಸರು ಯಾಕ್ರಿ?" ಬಾಬಾಜಾನ ಎದ್ದೇ ನಿಂತ. "ಹುಳ ಅಂಟಿಸಿದಂವ ನಾ, ತಗದಂವ ನಾ, ಮಂದಿ ಮುಂದ ಮಾನ ಕಳಕೊಂಡಂವ ನಾ! ಅಂವ ಏನ್ ಮಾಡಿದ?"

"ಊದಲಿಲ್ಲಲ್ರಿ ಚಾಚಾ," ಎಂದಳು ವಿದ್ಯಾವತಿ.